ಹಾಸನದಿಂದ ಒಂದು ಕಿಲೋಮೀಟರ್ ದಕ್ಷಿಣಕ್ಕೆ

ಹಾಸನದಿಂದ 1 ಕಿಲೋಮೀಟರ್ ದಕ್ಷಿಣಕ್ಕೆ ನಡೆಯಿರಿ. ಅಲ್ಲಿಂದ 1 ಕಿಲೋಮೀಟರ್ ಪೂರ್ವಕ್ಕೆ, ಮತ್ತೆ 1 ಕಿಲೋಮೀಟರ್ ಉತ್ತರಕ್ಕೆ. ಈಗ ಹೊರಟ ಜಾಗದಿಂದ ಎಷ್ಟು ದೂರದಲ್ಲಿದ್ದೀರಿ? ಹೈಸ್ಕೂಲು ಮಕ್ಕಳನ್ನು ಕೇಳಿದರೆ "ಒಂದು ಕಿಲೋಮೀಟರ್ ಸಾರ್" ಅಂತ ಒಟ್ಟಿಗೆ ಕೂಗುತ್ತಾರೆ. ಸದ್ಯಕ್ಕೆ ಅದು ಬೋರ್ಡಿನ ಮೇಲೆ ಹಾಗೇ ಇರಲಿ.

ಆಮೇಲೆ ಹಳೆಯ ಒಗಟು ಕೇಳಿ. ಇದೇ ಥರ ನಡೆದು ಹೊರಟ ಜಾಗಕ್ಕೇ ವಾಪಸ್ ಬರೋದಕ್ಕೆ ಆಗುತ್ತಾ? ಸ್ವಲ್ಪ ಹೊತ್ತಿಗೆ ಯಾರಾದರೂ ಉತ್ತರ ಧ್ರುವ ಅನ್ನುತ್ತಾರೆ. ಸರಿ ಉತ್ತರವೇ, ಆದರೆ ನಮ್ಮಲ್ಲಿ ತುಂಬಾ ಮೇಷ್ಟ್ರು ಅಲ್ಲೇ ಶಭಾಷ್ ಅಂದು ಮುಂದೆ ಹೋಗಿಬಿಡುತ್ತಾರೆ, ನಿಜವಾದ ಯೋಚನೆ ಶುರುವಾಗೋದೇ ಅದರ ನಂತರ. "ಬೇರೆ ಜಾಗ ಇದೆಯಾ?" ಅಂತ ಕೇಳಿ, ಸುಮ್ಮನೆ ಕಾಯಿರಿ.

ಇದೆ. ದಕ್ಷಿಣ ಧ್ರುವದ ಸುತ್ತ 1 ಕಿಲೋಮೀಟರ್ ಪರಿಧಿಯ ವೃತ್ತ ಎಳೆಯಿರಿ. ಅದರ ತ್ರಿಜ್ಯ ಸುಮಾರು 159 ಮೀಟರ್. ಆ ವೃತ್ತದಿಂದ 1 ಕಿಲೋಮೀಟರ್ ಉತ್ತರಕ್ಕೆ ನಿಂತು ಹೊರಡಿ. ದಕ್ಷಿಣಕ್ಕೆ ನಡೆದರೆ ವೃತ್ತ ಸಿಗುತ್ತದೆ, ಪೂರ್ವಕ್ಕೆ ನಡೆದರೆ ಪೂರ್ತಿ ಒಂದು ಸುತ್ತು, ಆಮೇಲೆ ಬಂದ ದಾರಿಯಲ್ಲೇ ವಾಪಸ್. ಧ್ರುವದ ಯಾವ ದಿಕ್ಕಿಗೆ ನಿಂತು ಹೊರಟರೂ ಹೀಗೇ, ಅಂದರೆ ಇಂಥ ಜಾಗಗಳಿಗೆ ಲೆಕ್ಕವೇ ಇಲ್ಲ! ಪರಿಧಿ ಅರ್ಧ ಕಿಲೋಮೀಟರ್ ಆದರೆ ಎರಡು ಸುತ್ತು, ಇನ್ನೂ ಚಿಕ್ಕದಾದರೆ ಮೂರು, ನಾಲ್ಕು.

ಈಗ ಬೋರ್ಡಿನ ಮೇಲಿರುವ ಉತ್ತರ ನೋಡಿ. ಹಾಸನ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಉತ್ತರಕ್ಕೆ ಹೋದಷ್ಟೂ ರೇಖಾಂಶಗಳು ಹತ್ತಿರವಾಗುತ್ತವೆ, ಹಾಗಾಗಿ ಭೂಮಿಯನ್ನು ನುಣುಪಾದ ಗೋಳ ಅಂತ ಇಟ್ಟುಕೊಂಡರೆ ಹೊರಟ ಜಾಗಕ್ಕಿರುವ ದೂರ 1 ಕಿಲೋಮೀಟರಿಗಿಂತ ಸುಮಾರು ಮೂರೂವರೆ ಸೆಂಟಿಮೀಟರ್ ಕಡಿಮೆ. ಅಷ್ಟೇ ತಾನೇ ಅಂತ ಮಕ್ಕಳು ನಗಬಹುದು. ಒಂದೊಂದು ದಿಕ್ಕಿಗೂ 1000 ಕಿಲೋಮೀಟರ್ ಹೋಗೋಣ ಅನ್ನಿ (ನಡುವೆ ಸಮುದ್ರ ಬಂದರೂ ಪರವಾಗಿಲ್ಲ). ಅದೇ ಅಕ್ಷಾಂಶದ ಗುಂಟ ಅಳೆದರೆ ಕೊರತೆ ಸುಮಾರು 23 ಕಿಲೋಮೀಟರ್ ಆಗುತ್ತದೆ!

ಲೆಕ್ಕ ಬಂತಾ ಅನ್ನೋದಕ್ಕಿಂತ ನನಗೆ ಮುಖ್ಯವಾದ ಪ್ರಶ್ನೆ ಬೇರೆ: "ಹೇಳದೇ ಇದ್ದ ಯಾವ ಮಾತನ್ನು ನಿಜ ಅಂದುಕೊಂಡೆ?" ಇಲ್ಲಿ ಅದು ನೆಲ ಚಪ್ಪಟೆ ಅನ್ನೋದು. ಮಕ್ಕಳಿಗೆ ಭೂಮಿ ಗುಂಡಗಿದೆ ಅಂತ ಚೆನ್ನಾಗಿ ಗೊತ್ತು, ಆದರೆ ಕಾಗದದ ಮೇಲೆ ಗೆರೆ ಎಳೆಯುವಾಗ ಅದು ನೆನಪಿಗೇ ಬರೋದಿಲ್ಲ. "ನೆಲ ಚಪ್ಪಟೆ ಅಂದುಕೊಂಡೆ" ಅನ್ನೋ ಆ ಒಂದು ಸಾಲನ್ನು ನೋಟ್‌ಬುಕ್ಕಿನಲ್ಲಿ ಅವರ ಕೈಯಲ್ಲೇ ಬರೆಸಿ.

ಗಣಿತ ಕಷ್ಟ ಅನ್ನೋ ಮಕ್ಕಳಿಗೆ ಇದೇ ಪ್ರಶ್ನೆ ಕೇಳೋಕೆ ನಮ್ಮ ಹೇಮಾವತಿ ಸಾಕು. ಮೂಡಿಗೆರೆ ಕಡೆ ಹುಟ್ಟುವ ಈ ನದಿಗೆ ಅರಬ್ಬೀ ಸಮುದ್ರ ನೇರ 100 ಕಿಲೋಮೀಟರೂ ಇಲ್ಲ. ಆದರೂ ಪೂರ್ವಕ್ಕೆ ಹರಿದು, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅದೇ ಚಿಕ್ಕಮಗಳೂರು ಜಿಲ್ಲೆಯಲ್ಲಿ ಹುಟ್ಟುವ ನೇತ್ರಾವತಿ ಪಶ್ಚಿಮಕ್ಕೆ, ಮಂಗಳೂರಿಗೆ ಇಳಿಯುತ್ತದೆ. ಯಾಕೆ ಅಂತ ನೀವು ಹೇಳಬೇಡಿ. ಎತ್ತರ ತೋರಿಸುವ ನಕ್ಷೆ ಕೊಟ್ಟು, ಎರಡು ನದಿಗಳ ನೀರನ್ನು ಬೇರೆ ಮಾಡುವ ಏಣಿನ ಗೆರೆಯನ್ನು ಪೆನ್ಸಿಲಿನಲ್ಲಿ ಎಳೆಯೋಕೆ ಹೇಳಿ.