‘ಓರೆ’ ಎಂದರೆ ಬರೀ ‘ಆಗುತ್ತಿತ್ತು’ ಅಲ್ಲ: ಫ್ರೆಂಚಿನ ಕೊಂದಿಸಿಯೊನೆಲ್ ಪಾಸೆ

‘ಲೆಕ್ಸ್‌ಪ್ಲೋಜಿಯೊಂ ಓರೆ ಫೆ ದೂಜ್ ಮೊರ್.’ ಫ್ರೆಂಚ್ ಸುದ್ದಿಯಲ್ಲಿ ಇಂಥ ವಾಕ್ಯಗಳು ಮತ್ತೆ ಮತ್ತೆ ಬರುತ್ತವೆ. ಇದನ್ನು ‘ಸ್ಫೋಟದಲ್ಲಿ 12 ಮಂದಿ ಸಾಯುತ್ತಿದ್ದರು’ ಎಂದು ಕನ್ನಡಕ್ಕೆ ತಂದರೆ ಓದುವವರಿಗೆ ತಿಳಿಯುವುದು ‘ಸದ್ಯ, ಯಾರೂ ಸಾಯಲಿಲ್ಲ’ ಎಂದು. ಮೂಲ ಹೇಳುತ್ತಿರುವುದು ‘12 ಮಂದಿ ಸತ್ತಿದ್ದಾರೆ ಎನ್ನಲಾಗಿದೆ’ ಎಂದು. ಬದುಕು ಸಾವಿನಷ್ಟು ದೂರದ ಎರಡು ಅರ್ಥಗಳು ಒಂದು ‘ಓರೆ’ಯಲ್ಲಿ ಅದಲುಬದಲಾಗುತ್ತಿವೆ. ಯಂತ್ರಾನುವಾದ ಮಾಡಿದರೆ ಕ್ಷಮಿಸಬಹುದು; ಭಾಷೆ ಕಲಿತವರೂ ಹೀಗೆ ಬರೆಯುವುದನ್ನು ನೋಡಿ ನೋಡಿ ಸಾಕಾಗಿದೆ.

ಈ ‘ಓರೆ’ ಇರುವ ಕ್ರಿಯಾರೂಪದ ಹೆಸರು ಕೊಂದಿಸಿಯೊನೆಲ್ ಪಾಸೆ; ತಪ್ಪಿನ ಬೇರು ಆ ಹೆಸರಿನಲ್ಲೇ ಇದೆ. ‘ಕೊಂದಿಸಿಯೊನೆಲ್’ ಎಂದ ಕೂಡಲೇ ‘ಷರತ್ತುಬದ್ಧ’ ಎಂದು ಬರೆದುಕೊಳ್ಳುತ್ತೇವೆ; ಎಲ್ಲೋ ಒಂದು ಷರತ್ತು ಇರಲೇಬೇಕು ಎಂದುಕೊಂಡು ಹುಡುಕುತ್ತೇವೆ. ನಿಜಕ್ಕೂ, ‘ಸಿ’ (‘ಇದ್ದರೆ’) ಎಂದು ಶುರುವಾಗುವ ಷರತ್ತಿನ ತುಂಡಿನಲ್ಲಿ ಈ ರೂಪ ಬರುವಂತೆಯೇ ಇಲ್ಲ. ಈ ರೂಪದ ನಿಜವಾದ ಕೆಲಸ ಬೇರೆ: ಒಂದು ಘಟನೆಯನ್ನು ಹೇಳುತ್ತಲೇ ಅದು ನಡೆದಿದೆ ಎಂಬ ಹೊಣೆಯನ್ನು ಮಾತಾಡುವವರು ಹೊರುವುದಿಲ್ಲ. ನಡೆಯದೇ ಹೋದದ್ದು, ನಡೆಯಬೇಕಿದ್ದು ತಪ್ಪಿದ್ದು, ನಡೆದಿದೆಯಂತೆ ಎಂದು ಕೇಳಿದ್ದು, ಮೂರಕ್ಕೂ ಇದೇ ರೂಪ.

ರೂಪ ಕಟ್ಟುವುದು ಸುಲಭ. ‘ಆವ್ವಾರ್’ (ಹೊಂದಿರು) ಅಥವಾ ‘ಎತ್ರ್’ (ಇರು) ಸಹಾಯಕ ಕ್ರಿಯಾಪದದ ಕೊಂದಿಸಿಯೊನೆಲ್ ಪ್ರೆಜಾಂ (ವರ್ತಮಾನದ ಕೊಂದಿಸಿಯೊನೆಲ್) ರೂಪ, ಅದರ ನಂತರ ಭೂತ ಕೃದಂತ: ‘ಜೋರೆ ಪಾರ್ಲೆ’ (ಮಾತಾಡುತ್ತಿದ್ದೆ), ‘ಜ ಸರೆ ವನ್ಯು’ (ಬರುತ್ತಿದ್ದೆ). ಯಾವ ಕ್ರಿಯಾಪದಕ್ಕೆ ಯಾವ ಸಹಾಯಕ ಎಂಬುದು ಪಾಸೆ ಕೊಂಪೊಜೆಯಲ್ಲಿ (ಮಾತಿನ ಸಾಮಾನ್ಯ ಭೂತಕಾಲ) ಇದ್ದಂತೆಯೇ. ಹೋಗು, ಬಾ, ಹೊರಡು, ತಲುಪು, ಹುಟ್ಟು, ಸಾಯು, ಬೀಳು ಇಂಥವಕ್ಕೂ ಮುಂದೆ ‘ಸ’ (ತನ್ನನ್ನು) ಸೇರುವ ಕ್ರಿಯಾಪದಗಳಿಗೂ ‘ಎತ್ರ್’. ಗೊತ್ತಿರುವ ನಿಯಮವೇ, ಆದರೂ ‘ಜೋರೆ ವನ್ಯು’ ಎಂಬ ತಪ್ಪು ಕೇಳುತ್ತಲೇ ಇರುತ್ತದೆ. ‘ಎತ್ರ್’ ಬಂದಾಗ ಕೃದಂತ ಕರ್ತೃವಿನ ಲಿಂಗ ವಚನಕ್ಕೆ ಹೊಂದಬೇಕು, ಅವಳು ಬರುತ್ತಿದ್ದಳು ಎನ್ನುವಾಗ ಬರವಣಿಗೆಯಲ್ಲಿ ಕೊನೆಗೊಂದು ‘ಇ’ ಅಕ್ಷರ ಬೇಕು. ನಿಷೇಧದ ‘ನ... ಪಾ’ ಸಹಾಯಕವನ್ನು ಮಾತ್ರ ಸುತ್ತುತ್ತದೆ, ಕೃದಂತ ಹೊರಗುಳಿಯುತ್ತದೆ: ‘ಜ ನ ಸರೆ ಪಾ ವನ್ಯು’.

ವ್ಯುತ್ಪತ್ತಿಯನ್ನು ನಿಧಾನವಾಗಿ ನೋಡಬೇಕು, ಗೊಂದಲದ ಅರ್ಧ ಅಲ್ಲೇ ಕರಗುತ್ತದೆ. ಲ್ಯಾಟಿನ್ನಿನಲ್ಲಿ ಇಂಥದೊಂದು ರೂಪವೇ ಇರಲಿಲ್ಲ. ಆಡುಮಾತಿನಲ್ಲಿ ಜನ ‘ಕಾಂತಾರೆ ಹಾಬೇಓ’ ಎನ್ನತೊಡಗಿದರು. ಪದಕ್ಕೆ ಪದ ಇಟ್ಟರೆ ‘ನನಗೆ ಹಾಡುವುದಿದೆ’. ಅದೇ ಸವೆದು ಫ್ರೆಂಚಿನ ಭವಿಷ್ಯತ್ ರೂಪ ‘ಶಾಂತ್ರೆ’ ಆಯಿತು. ಅದರ ಜೊತೆಗೇ ‘ಕಾಂತಾರೆ ಹಾಬೇಬಾಮ್’ ಬಂತು: ‘ನನಗೆ ಹಾಡುವುದಿತ್ತು’. ಇದು ಸವೆದು ಕೊಂದಿಸಿಯೊನೆಲ್ ಆಯಿತು. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ‘ನನಗೆ ಹೋಗುವುದಿದೆ’ ಎಂದರೆ ಮುಂದಿನ ಮಾತು, ‘ನನಗೆ ಹೋಗುವುದಿತ್ತು’ ಎಂದರೆ ಹಿಂದೆ ನಿಂತು ನೋಡಿದ ಮುಂದಿನ ಮಾತು; ಹೋದೆನೋ ಇಲ್ಲವೋ ಎಂಬುದು ಅದರಲ್ಲಿಲ್ಲ, ಹೋಗಲಿಲ್ಲ ಎಂಬ ಗುಮಾನಿ ಮಾತ್ರ ಇದೆ. ‘ಆಂಪಾರ್ಫೆ’ಗೂ (ರೂಢಿಯನ್ನು ಹೇಳುವ ಭೂತಕಾಲ) ಕೊಂದಿಸಿಯೊನೆಲ್‌ಗೂ ಪ್ರತ್ಯಯಗಳು ಒಂದೇ ಆಗಿರುವುದು ಇದರಿಂದಲೇ, ಎರಡರಲ್ಲೂ ಕೊನೆಗೆ ಉಳಿದಿರುವುದು ಭೂತಕಾಲದ ‘ಇತ್ತು’. ‘ಜೋರೆ’ಯಲ್ಲಂತೂ ಲ್ಯಾಟಿನ್ನಿನ ‘ಹಾಬೇರೆ’ (ಹೊಂದಿರು; ‘ಹಾಬೇಓ’, ‘ಹಾಬೇಬಾಮ್’ ಇದರ ರೂಪಗಳೇ) ಎರಡು ಸಲ ಇದೆ, ಧಾತುವಾಗಿ ಒಮ್ಮೆ, ಪ್ರತ್ಯಯವಾಗಿ ಇನ್ನೊಮ್ಮೆ. ಹಳೆಯ ಮುದ್ರಣಗಳಲ್ಲಿ ಈ ಪ್ರತ್ಯಯ ‘ಓ-ಐ-ಎಸ್’ ಎಂದು ಕಂಡರೆ ಗಾಬರಿ ಬೇಡ. ಫ್ರೆಂಚ್ ಅಕಾಡೆಮಿಯ ನಿಘಂಟು ಅದನ್ನು ‘ಎ-ಐ-ಎಸ್’ ಎಂದು ಒಪ್ಪಿಕೊಂಡದ್ದು 1835ರ ಆವೃತ್ತಿಯಲ್ಲಿ.

ಆಗದೇ ಹೋದದ್ದನ್ನು ಹೇಳಲು ಕನ್ನಡವೂ ಭೂತಕಾಲವನ್ನೇ ಹಿಡಿಯುತ್ತದೆ: ‘ಬರುತ್ತಿದ್ದೆ’. ಕಲಿಯುವವರು ಎಡವುವುದು ಇಲ್ಲೇ. ನಮ್ಮ ಈ ಒಂದು ರೂಪಕ್ಕೆ ಫ್ರೆಂಚಿನಲ್ಲಿ ಮೂರು ಬಾಗಿಲು. ‘ರಜೆ ಇದ್ದಾಗಲೆಲ್ಲ ಬರುತ್ತಿದ್ದೆ’ ಎಂಬುದು ರೂಢಿ, ಆಂಪಾರ್ಫೆ: ‘ಜ ವನೆ’. ‘ನಾಳೆ ರಜೆ ಇದ್ದಿದ್ದರೆ ಬರುತ್ತಿದ್ದೆ’ ಎಂಬುದಕ್ಕೆ ಕೊಂದಿಸಿಯೊನೆಲ್ ಪ್ರೆಜಾಂ: ‘ಜ ವಿಯಾಂದ್ರೆ’. ‘ನಿನ್ನೆ ರಜೆ ಇದ್ದಿದ್ದರೆ ಬರುತ್ತಿದ್ದೆ’ ಎಂಬುದಕ್ಕೆ ಮಾತ್ರ ‘ಜ ಸರೆ ವನ್ಯು’. ಫ್ರೆಂಚಿಗೆ ತಿರುಗಿಸುವ ಮುನ್ನ ಕನ್ನಡ ವಾಕ್ಯಕ್ಕೆ ‘ದಿನಾ’, ‘ನಾಳೆ’, ‘ನಿನ್ನೆ’ ಮೂರನ್ನೂ ಹಚ್ಚಿ ನೋಡಿ; ‘ನಿನ್ನೆ’ ಕೂತರೆ ಕೊಂದಿಸಿಯೊನೆಲ್ ಪಾಸೆ. ‘ಆಂ ಪಾ ದ ಪ್ಲ್ಯುಸ್ ಎ ಜ ತೊಂಬೆ’ (ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಬೀಳುತ್ತಿದ್ದೆ) ಎಂದು ಫ್ರೆಂಚರೂ ಕೆಲವೊಮ್ಮೆ ಆಂಪಾರ್ಫೆಯನ್ನೇ ಬಳಸುತ್ತಾರೆ, ನಿಜ. ಅದು ಕೂದಲೆಳೆಯಲ್ಲಿ ತಪ್ಪಿದ್ದನ್ನು ಕಣ್ಣಿಗೆ ಕಟ್ಟಿಸುವ ಬಳಕೆ, ಅದನ್ನು ಆಧಾರ ಮಾಡಿಕೊಂಡು ಎಲ್ಲ ಕಡೆ ಆಂಪಾರ್ಫೆ ಹಾಕುವಂತಿಲ್ಲ.

‘ಸಿ’ಯ ನಿಯಮವನ್ನು ಫ್ರೆಂಚ್ ಮಕ್ಕಳು ಒಂದು ಶ್ಲೇಷೆಯಲ್ಲಿ ಕಲಿಯುತ್ತಾರೆ: ‘ಲೆ ಸಿ ನೆಮ್ ಪಾ ಲೆ ರೆ’. ಕಿವಿಗೆ ಅದು ‘ಗರಗಸಗಳಿಗೆ ತೊರಕೆ ಮೀನು ಆಗದು’ ಎಂದೂ ಕೇಳುತ್ತದೆ, ‘ಸಿ ಇದ್ದಲ್ಲಿ ಕೊಂದಿಸಿಯೊನೆಲ್‌ನ -ರೆ ಬಾರದು’ ಎಂದೂ ಕೇಳುತ್ತದೆ. ‘ಗೊತ್ತಿದ್ದಿದ್ದರೆ ಬರುತ್ತಿರಲಿಲ್ಲ’ ಎನ್ನಲು ‘ಸಿ ಜಾವೆ ಸ್ಯು, ಜ ನ ಸರೆ ಪಾ ವನ್ಯು’. ‘ಸಿ’ ಕಡೆ ಪ್ಲ್ಯುಸ್-ಕ-ಪಾರ್ಫೆ (ಭೂತಕ್ಕೂ ಹಿಂದಿನ ಭೂತ), ಇನ್ನೊಂದು ಕಡೆ ಕೊಂದಿಸಿಯೊನೆಲ್ ಪಾಸೆ. ‘ಸಿ ಜೋರೆ ಸ್ಯು’ ತಪ್ಪು, ಫ್ರೆಂಚರ ಬಾಯಲ್ಲಿ ಕೇಳಿದರೂ ತಪ್ಪೇ. ಆದರೆ ‘ಸಿ’ಗೆ ‘ಇಲ್ಲವೋ’ ಎಂಬ ಅರ್ಥವಿದ್ದಾಗ ಈ ನಿಯಮ ಅನ್ವಯಿಸುವುದಿಲ್ಲ: ಅವನು ಹೊತ್ತಿಗೆ ಸರಿಯಾಗಿ ಮುಗಿಸಿರುತ್ತಾನೋ ಇಲ್ಲವೋ ಎಂದು ಯೋಚಿಸುತ್ತಿದ್ದೆ ಎನ್ನುವಾಗ ‘ಸಿಲ್ ಓರೆ ಫಿನಿ’ ಸರಿಯೇ. ‘ಓ ಕಾ ಊ’ (ಒಂದು ವೇಳೆ) ನಂತರವಂತೂ ಕೊಂದಿಸಿಯೊನೆಲ್ ಬೇಕೇ ಬೇಕು. ಮಾತಿನಲ್ಲಿ ‘ಸಿ’ಯನ್ನೇ ಬಿಟ್ಟು ಎರಡೂ ಕಡೆ ಕೊಂದಿಸಿಯೊನೆಲ್ ಹಾಕುವುದೂ ಉಂಟು: ‘ತ್ಯು ಮ ಲೋರೆ ದಿ, ಜ ಸರೆ ವನ್ಯು’, ನನಗೆ ಹೇಳಿದ್ದರೆ ಬಂದಿರುತ್ತಿದ್ದೆ.

‘ಬೇಕಿತ್ತು’ ಇನ್ನೊಂದು ಬಲೆ. ‘ನೀನು ನನಗೆ ಹೇಳಬೇಕಿತ್ತು’ ಎಂದು ಕನ್ನಡದಲ್ಲಿ ಆಕ್ಷೇಪಿಸುವವರು ಫ್ರೆಂಚಿನಲ್ಲಿ ‘ತ್ಯು ದವೆ ಮ ಲ ದೀರ್’ ಎಂದುಬಿಡುತ್ತಾರೆ. ಅದರ ಅರ್ಥ ‘ಹೇಳುವುದು ಎಂದು ಗೊತ್ತುಮಾಡಿಕೊಂಡಿದ್ದೆವು’ ಎಂದು. ಹೇಳದೇ ಹೋದೆಯಲ್ಲ ಎಂಬ ಆಕ್ಷೇಪಕ್ಕೆ ‘ತ್ಯು ಓರೆ ದ್ಯು’. ‘ಒಂದು ಮಾತು ಹೇಳಬಹುದಿತ್ತು’ ಎಂಬ ಬೇಸರಕ್ಕೆ ಹಾಗೆಯೇ ‘ತ್ಯು ಓರೆ ಪ್ಯು’. ‘ದ್ಯು’ ಪುಲ್ಲಿಂಗ ಏಕವಚನದಲ್ಲಿ ಮಾತ್ರ ‘ಯು’ ಅಕ್ಷರದ ಮೇಲೆ ಟೊಪ್ಪಿಗೆಯಂಥ ಗುರುತು ಹೊತ್ತಿರುತ್ತದೆ. ‘ಪ್ಯು’ಗೆ ಅದು ಎಂದೂ ಇಲ್ಲ.

ಇನ್ನು ಸುದ್ದಿಯ ‘ಓರೆ’. ಇದಕ್ಕೆ ಕೊಂದಿಸಿಯೊನೆಲ್ ಜೂರ್ನಲಿಸ್ತಿಕ್ ಎಂದೇ ಹೆಸರಿದೆ. ‘ಲ ಮಿನಿಸ್ತ್ರ್ ಓರೆ ದೆಮಿಸಿಯೊನೆ’ ಎಂದರೆ ಮಂತ್ರಿಗಳು ರಾಜೀನಾಮೆ ಕೊಟ್ಟಿದ್ದಾರಂತೆ. ಸುದ್ದಿ ಬಂದಿದೆ, ಪತ್ರಿಕೆ ಖಚಿತಪಡಿಸಿಲ್ಲ. ನಮ್ಮ ‘ಅಂತೆ’ಗೆ ಇಷ್ಟು ಹತ್ತಿರದ ರೂಪ ಇಂಗ್ಲಿಷಿನ ಕ್ರಿಯಾಪದದಲ್ಲಿ ಇಲ್ಲ. ಇಂಗ್ಲಿಷಿನ ಮೂಲಕ ಸುತ್ತಿ ಬಂದು ‘ಕೊಡುತ್ತಿದ್ದರು’ ಎಂದು ಬರೆಯುವವರು ಕೈಯಲ್ಲಿರುವ ಒಳ್ಳೆಯ ಉಪಕರಣ ಬಿಟ್ಟು ಕಲ್ಲು ಹುಡುಕುತ್ತಿದ್ದಾರೆ. ಬರಹದಲ್ಲಿ ‘ಎನ್ನಲಾಗಿದೆ’ ಸಾಕು. ‘ಎಂದು ತಿಳಿದುಬಂದಿದೆ’ ಬೇಡ, ಅದು ಹೆಚ್ಚು ಖಚಿತವಾಯಿತು. ‘ಎಂದು ಆರೋಪಿಸಲಾಗಿದೆ’ ಎಂಬುದನ್ನು ನಿಜಕ್ಕೂ ಆರೋಪ ಇದ್ದಲ್ಲಿ ಮಾತ್ರ ಬಳಸಿ. ಫ್ರೆಂಚರು ‘ಸಲೊಂ ಲಾ ಪೊಲೀಸ್’ ಎಂದು ಮೂಲ ಹೆಸರಿಸಿದ ಮೇಲೂ ‘ಓರೆ’ ಹಾಕುತ್ತಾರೆ. ಕನ್ನಡದಲ್ಲಿ ‘ಪೊಲೀಸರ ಪ್ರಕಾರ’ ಎಂದರೆ ಸಂಶಯ ಅಲ್ಲೇ ದಾಖಲಾಯಿತು, ಮತ್ತೆ ‘ಎನ್ನಲಾಗಿದೆ’ ಹೇರಬೇಕಿಲ್ಲ.

ಯಾವ ಅರ್ಥ ಎಂದು ಗುರುತಿಸಲು ಸುತ್ತಲಿನ ಪದಗಳನ್ನು ನೋಡಬೇಕು. ‘ಸಿ’ ಇಲ್ಲದಿದ್ದರೂ ‘ಸಾಂ’ (ಇಲ್ಲದಿದ್ದರೆ), ‘ಆ ತಾ ಪ್ಲಾಸ್’ (ನಿನ್ನ ಜಾಗದಲ್ಲಿ) ಇಂಥವು ಷರತ್ತನ್ನು ಒಳಗಿಟ್ಟುಕೊಂಡಿರುತ್ತವೆ: ‘ಸಾಂ ತ್ವಾ, ಜೋರೆ ರಾತೆ ಲ ತ್ರಾಂ’, ನೀನಿಲ್ಲದಿದ್ದರೆ ನನಗೆ ರೈಲು ತಪ್ಪುತ್ತಿತ್ತು. ಮುಂಚೆ ‘ಇಲ್ ಆ ದಿ ಕ’ (ಅವನು ಹೇಳಿದ) ಇದ್ದರೆ ಹಿಂದೆ ನಿಂತು ನೋಡಿದ ಭವಿಷ್ಯ ಇರಬಹುದು: ಮಧ್ಯಾಹ್ನದೊಳಗೆ ಮುಗಿಸಿರುತ್ತೇನೆ ಎಂದ. ಇವು ಯಾವುವೂ ಇಲ್ಲದೆ, ಮೂರನೆಯ ಪುರುಷದಲ್ಲಿ, ಸುದ್ದಿಯ ನಡುವೆ ‘ಓರೆ’ ಅಥವಾ ‘ಸರೆ’ ಕಂಡರೆ ‘ಅಂತೆ’ಯನ್ನೇ ಮೊದಲು ಇಟ್ಟು ನೋಡಿ.

ಕಾಗುಣಿತದ ತಪ್ಪು ಫ್ರೆಂಚರಲ್ಲೂ ಹೇರಳ. ‘ಮುಗಿಸಿರುತ್ತೇನೆ’ ಎಂಬ ಭವಿಷ್ಯದ ‘ಜೋರೆ ಫಿನಿ’ಯಲ್ಲಿ ‘ಜೋರೆ’ಯ ಕೊನೆಗೆ ‘ಎಸ್’ ಇಲ್ಲ, ಕೊಂದಿಸಿಯೊನೆಲ್‌ನ ‘ಜೋರೆ ಫಿನಿ’ಯಲ್ಲಿ ಇದೆ, ಎರಡನ್ನೂ ಒಂದೇ ಥರ ಉಚ್ಚರಿಸುವವರು ಬಹಳ, ಹಾಗಾಗಿ ಕಿವಿಯನ್ನು ನಂಬಿ ಬರೆಯುವಂತಿಲ್ಲ. ‘ಜ’ ತೆಗೆದು ‘ತ್ಯು’ ಹಾಕಿ: ‘ತ್ಯು ಓರಾ’ ಎಂದು ಬಂದರೆ ಭವಿಷ್ಯ, ‘ಜೋರೆ’ಗೆ ‘ಎಸ್’ ಬೇಡ. ‘ತ್ಯು ಓರೆ’ ಎಂದು ಬಂದರೆ ‘ಎಸ್’ ಬರೆಯಿರಿ.