ದೂರದ ಅನಿಲಕ್ಕೆ ತೆರಿಗೆ ರಿಯಾಯಿತಿ: ಎಷ್ಟು ಅನ್ನೋದಕ್ಕಿಂತ ಯಾವಾಗ ಅನ್ನೋದು ಮುಖ್ಯ

ಎಲ್ಲೋ ಬಾವಿ ಕೊರೆದರು, ನೈಸರ್ಗಿಕ ಅನಿಲ ಸಿಕ್ಕಿತು, ಇನ್ನೇನು ದುಡ್ಡೇ ದುಡ್ಡು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹಾಗಾದರೆ ಅಂಥ ಕಂಪನಿಗೆ ಸರ್ಕಾರ ತೆರಿಗೆ ಯಾಕೆ ಬಿಡಬೇಕು? ಹಾಸನದ ನನ್ನ ಆಫೀಸಿಗೆ ರಿಟರ್ನ್ಸ್ ಫೈಲ್ ಮಾಡಿಸಲು ಬರುವವರಲ್ಲಿ ಅನಿಲ ಕಂಪನಿಗಳ ಷೇರು ಇಟ್ಟುಕೊಂಡವರಿದ್ದಾರೆ, ಕಾಫಿ ಬೆಳೆಗಾರರಂತೂ ಇದ್ದೇ ಇದ್ದಾರೆ. ಇಬ್ಬರೂ ಈ ಪ್ರಶ್ನೆ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ಸರಿಯಾದ ಉತ್ತರ ಬೇಕು.

ಮೊದಲು ಅನಿಲದ ಸ್ವಭಾವ ಗೊತ್ತಿರಬೇಕು. ಕಚ್ಚಾ ತೈಲವನ್ನು ಟ್ಯಾಂಕರಿಗೆ ತುಂಬಿ ಎಲ್ಲಿಗೆ ಬೇಕಾದರೂ ಕಳಿಸಬಹುದು. ಅನಿಲವನ್ನು ಹಾಗೆ ಕಳಿಸಲಾಗದು. ಒಂದೋ ಪೈಪ್‌ಲೈನ್ ಹಾಕಬೇಕು, ಇಲ್ಲವೇ ಮೈನಸ್ 162 ಡಿಗ್ರಿವರೆಗೆ ತಣ್ಣಗೆ ಮಾಡಿ ದ್ರವ ಮಾಡಬೇಕು, ಆಗ ಅದರ ಗಾತ್ರ ಸುಮಾರು 600 ಪಟ್ಟು ಕುಗ್ಗುತ್ತದೆ, ಆಮೇಲೆ ವಿಶೇಷ ಹಡಗಿನಲ್ಲಿ ಸಾಗಿಸಬೇಕು. ಎರಡಕ್ಕೂ ಸಾವಿರಾರು ಕೋಟಿ ಬೇಕು. ಆ ದುಡ್ಡೆಲ್ಲ ಒಂದು ರೂಪಾಯಿ ಆದಾಯ ಬರುವ ಮೊದಲೇ ಹೋಗುತ್ತದೆ. ಅಲಾಸ್ಕಾದ ಪ್ರೂಡೋ ಬೇಯಲ್ಲಿ 1968ರಲ್ಲಿ ತೈಲ, ಅನಿಲ ಎರಡೂ ಸಿಕ್ಕವು. ತೈಲಕ್ಕೆ 1977ರಲ್ಲಿ ಸುಮಾರು 1,300 ಕಿಲೋಮೀಟರ್ ಪೈಪ್‌ಲೈನ್ ಬಂತು. ಆ ಪ್ರದೇಶದಲ್ಲಿ ಸುಮಾರು 35 ಲಕ್ಷ ಕೋಟಿ ಘನ ಅಡಿ ಅನಿಲ ಇದೆ ಅಂತ ಲೆಕ್ಕ, ಆದರೆ ಹೊರಗೆ ಒಯ್ಯಲು ದಾರಿ ಇಲ್ಲದೆ ದಶಕಗಟ್ಟಲೆ ಅದರ ಬಹುಪಾಲನ್ನು ವಾಪಸ್ ನೆಲದೊಳಗೇ ತುಂಬುತ್ತಾ ಬಂದರು, ತೈಲವನ್ನು ಮೇಲೆ ತಳ್ಳಲು ಅದು ಉಪಯೋಗಕ್ಕೆ ಬಂತು ಅಷ್ಟೇ.

ದೂರದ ಅನಿಲ ಅಂದರೆ ಇದು. ನಿಕ್ಷೇಪ ಇದೆ, ಮಾರುಕಟ್ಟೆ ಇಲ್ಲ.

ನಮ್ಮ ಬೆಳೆಗಾರರಿಗೆ ಇದು ಬೇಗ ಅರ್ಥವಾಗುತ್ತದೆ. ಅರೇಬಿಕಾ ಗಿಡ ನೆಟ್ಟರೆ ಫಸಲು ಕಾಣಲು ಮೂರು ನಾಲ್ಕು ವರ್ಷ ಬೇಕು, ಅಲ್ಲಿವರೆಗೆ ಗೊಬ್ಬರ, ಕೂಲಿ, ನೆರಳಿನ ಮರ ಸವರುವ ಖರ್ಚು ಎಲ್ಲ ಕೈಯಿಂದಲೇ. ಅನಿಲದಲ್ಲಿ ಆ ಕಾಯುವಿಕೆ ಹತ್ತು ಹದಿನೈದು ವರ್ಷಕ್ಕೂ ಹೋಗುತ್ತದೆ, ಕೊನೆಗೆ ಏನೂ ಸಿಗದೆಯೂ ಹೋಗಬಹುದು. "ಸಾರ್, ಅವರಿಗೆ ಮಾತ್ರ ಯಾಕೆ, ನಮಗೆ ಯಾಕಿಲ್ಲ?" ಅಂತ ಕೇಳುವವರಿಗೆ ನಾನು ಒಂದು ವಿಷಯ ತೋರಿಸುತ್ತೇನೆ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ 33-ಎಬಿ ಇದೆ, ಅದು ಟೀ, ಕಾಫಿ, ರಬ್ಬರಿನದು. ಬೆಳೆದು ತಾವೇ ಕ್ಯೂರಿಂಗ್ ಮಾಡಿ ಮಾರುವ ಬೆಳೆಗಾರರು ನಿಗದಿತ ಖಾತೆಯಲ್ಲಿ ಹಣ ಇಟ್ಟರೆ ಆ ವ್ಯವಹಾರದ ಲಾಭದ ಶೇ. 40ರವರೆಗೆ ಕಡಿತ ಸಿಗುತ್ತದೆ, ಅಂದರೆ ಅಷ್ಟು ಲಾಭವನ್ನು ತೆರಿಗೆ ಲೆಕ್ಕದಿಂದ ಕಳೆಯಬಹುದು. ಅದರ ಪಕ್ಕದಲ್ಲೇ 33-ಎಬಿಎ, ಅದು ತೈಲ ಮತ್ತು ಅನಿಲದವರದು. ಬಾವಿ ಬರಿದಾದ ಮೇಲೆ ಜಾಗವನ್ನು ಮೊದಲಿನಂತೆ ಮಾಡಲು ಹಣ ತೆಗೆದಿಟ್ಟರೆ ಲಾಭದ ಶೇ. 20ರವರೆಗೆ ಕಡಿತ. ಎರಡರ ಯೋಚನೆ ಒಂದೇ: ಒಳ್ಳೆಯ ವರ್ಷದ ದುಡ್ಡನ್ನು ಮುಂದಿನ ಖರ್ಚಿಗೆ ಉಳಿಸಿಕೊಳ್ಳಲಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ ಈ ಎರಡೂ ಸಿಗುವುದಿಲ್ಲ. ಬೆಳೆಗಾರರು ಪದ್ಧತಿ ಬದಲಿಸುವ ಮುನ್ನ ದಯವಿಟ್ಟು ಇದನ್ನು ಲೆಕ್ಕ ಹಾಕಿ ನೋಡಿ. (ನಾನು ಇಲ್ಲಿ ಹೇಳುವ ಸೆಕ್ಷನ್ ನಂಬರ್ ಎಲ್ಲ 1961ರ ಕಾಯ್ದೆಯವು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ, ಅಲ್ಲಿ ನಂಬರ್ ಬೇರೆ.)

ಈಗ ಮುಖ್ಯ ವಿಷಯ. ಒಂದು ತೆರಿಗೆ ರಿಯಾಯಿತಿ ಕೆಲಸ ಮಾಡುತ್ತದಾ ಅಂತ ನೋಡಲು ನಾನು ಕೇಳುವುದು ಎರಡೇ ಪ್ರಶ್ನೆ. ಅದು ಯಾವಾಗ ಕೈಗೆ ಬರುತ್ತದೆ? ಯಾವುದಕ್ಕೆ ಕಟ್ಟಿಕೊಂಡಿದೆ? ಲೆಕ್ಕ ನೋಡಿ. ಕಂಪನಿಯೊಂದು ₹1,000 ಕೋಟಿ ಖರ್ಚು ಮಾಡಿತು ಅಂತಿಟ್ಟುಕೊಳ್ಳಿ. ಸರ್‌ಚಾರ್ಜ್, ಸೆಸ್ ಸೇರಿ ತೆರಿಗೆ ಶೇ. 25.17 ಅಂದರೆ ಆ ಖರ್ಚಿನ ಕಡಿತದಿಂದ ಉಳಿಯುವ ತೆರಿಗೆ ಸುಮಾರು ₹252 ಕೋಟಿ. ಅದು ಖರ್ಚು ಮಾಡಿದ ವರ್ಷವೇ ಸಿಕ್ಕರೆ ₹252 ಕೋಟಿಯೇ. ಹತ್ತು ವರ್ಷ ತಡವಾಗಿ ಸಿಕ್ಕರೆ, ದುಡ್ಡಿನ ಬಡ್ಡಿ ವರ್ಷಕ್ಕೆ ಶೇ. 12 ಅಂತ ಹಿಡಿದರೂ ಇವತ್ತಿನ ಬೆಲೆ ಸುಮಾರು ₹81 ಕೋಟಿ. ಕಾಗದದ ಮೇಲೆ ರಿಯಾಯಿತಿ ಒಂದೇ, ಆದರೆ ಮೂರನೇ ಎರಡು ಭಾಗ ಕಾಯುವುದರಲ್ಲೇ ಕರಗಿ ಹೋಯಿತು.

ಆದ್ದರಿಂದಲೇ ಟ್ಯಾಕ್ಸ್ ಹಾಲಿಡೇ ಅನ್ನುವ ಮಾತು ಕೇಳಿದಾಗ ನನಗೆ ಅಷ್ಟೊಂದು ಉತ್ಸಾಹ ಬರುವುದಿಲ್ಲ. ಸೆಕ್ಷನ್ 80-ಐಬಿ(9) ಅಡಿ ಖನಿಜ ತೈಲ ಉತ್ಪಾದನೆಗೆ ಏಳು ವರ್ಷ ಪೂರ್ತಿ ತೆರಿಗೆ ರಜೆ ಇತ್ತು. ಲಾಭ ಬಂದರೆ ತಾನೇ ಅದಕ್ಕೆ ರಜೆ? ದೂರದ ಅನಿಲದಲ್ಲಿ ಮೊದಲ ಏಳು ವರ್ಷ ಹಳೆಯ ನಷ್ಟ, ಸವಕಳಿ (ಯಂತ್ರ, ಕಟ್ಟಡಗಳ ಬೆಲೆಯನ್ನು ವರ್ಷವರ್ಷವೂ ಖರ್ಚಾಗಿ ಕಳೆಯುವುದು), ಬಡ್ಡಿ ಇವುಗಳನ್ನು ಕಳೆಯುವುದರಲ್ಲೇ ಮುಗಿದುಹೋಗಬಹುದು. ಸಾಲದ್ದಕ್ಕೆ ಮ್ಯಾಟ್, ಅಂದರೆ ಕನಿಷ್ಠ ಪರ್ಯಾಯ ತೆರಿಗೆ, ಕಂಪನಿಯ ಲೆಕ್ಕಪುಸ್ತಕ ತೋರಿಸುವ ಲಾಭದ ಮೇಲೆ ಒಂದು ಕಾಲಕ್ಕೆ ಶೇ. 18.5 ಇತ್ತು, ರಜೆ ಇದ್ದವರೂ ಅದನ್ನು ಕಟ್ಟಬೇಕಿತ್ತು.

ಅದಕ್ಕಿಂತ ಬೇಸರದ ಸಂಗತಿ ಬೇರೆ ಇದೆ. ಖನಿಜ ತೈಲ ಅಂದಾಗ ಅದರಲ್ಲಿ ಅನಿಲವೂ ಸೇರುತ್ತದಾ ಅನ್ನೋದೇ ವರ್ಷಗಟ್ಟಲೆ ಜಗಳವಾಯಿತು. ಕೃಷ್ಣಾ-ಗೋದಾವರಿ ಕಣಿವೆಯ ಕೆಜಿ-ಡಿ6ರಲ್ಲಿ 2002ರಲ್ಲಿ ಅನಿಲ ಸಿಕ್ಕಿತ್ತು, 2009ರ ಏಪ್ರಿಲ್‌ನಲ್ಲಿ ಉತ್ಪಾದನೆ ಶುರುವಾಯಿತು. ಅದೇ ವರ್ಷದ ಬಜೆಟ್‌ನಲ್ಲಿ ಅನಿಲಕ್ಕೂ ರಜೆ ಅಂತ ಸ್ಪಷ್ಟವಾಗಿ ಬರೆದರು, ಆದರೆ ನೆಲ್ಪ್ ಅನ್ನುವ ಪರವಾನಗಿ ನೀತಿಯ ಎಂಟನೇ ಸುತ್ತಿನ ಬ್ಲಾಕ್‌ಗಳಿಗೆ (ಹುಡುಕಾಟಕ್ಕೆ ಕೊಟ್ಟ ಪ್ರದೇಶಗಳಿಗೆ) ಮತ್ತು ನಾಲ್ಕನೇ ಸುತ್ತಿನ ಕಲ್ಲಿದ್ದಲು ಪದರದ ಅನಿಲದ ಬ್ಲಾಕ್‌ಗಳಿಗೆ ಮಾತ್ರ. ಹಾಗಾದರೆ ಹಿಂದಿನ ಸುತ್ತುಗಳಲ್ಲಿ ರಜೆ ನಂಬಿ ಬಂದವರ ಗತಿ? ಜೊತೆಗೆ ಇಡೀ ಬ್ಲಾಕ್ ಒಂದೇ ಘಟಕ, ಬಾವಿಬಾವಿಗೂ ಬೇರೆ ರಜೆ ಇಲ್ಲ ಅಂತ ಹಿಂದಿನಿಂದ ಅನ್ವಯವಾಗುವ ವಿವರಣೆಯನ್ನೂ ಸೇರಿಸಿದರು. ನಿಕೋ ರಿಸೋರ್ಸಸ್ ಅನ್ನುವ ಕಂಪನಿಯ ಪ್ರಕರಣದಲ್ಲಿ ಗುಜರಾತ್ ಹೈಕೋರ್ಟ್ 2015ರಲ್ಲಿ ಅನಿಲವೂ ಖನಿಜ ತೈಲವೇ ಅಂದಿತು, ಆ ವಿವರಣೆಯನ್ನೂ ಒಪ್ಪಲಿಲ್ಲ. ಅಷ್ಟರಲ್ಲಿ ಎಷ್ಟೋ ವರ್ಷ ಕಳೆದಿತ್ತು. 2017ರ ಮಾರ್ಚ್ 31ರ ನಂತರ ಉತ್ಪಾದನೆ ಶುರು ಮಾಡಿದವರಿಗೆ ಈ ರಜೆಯೇ ಇಲ್ಲ. ಹದಿನೈದು ವರ್ಷ ದುಡ್ಡು ತೊಡಗಿಸುವವರಿಗೆ ಕಾನೂನು ನಡುವೆ ಬದಲಾಗುತ್ತದೆ ಅನ್ನುವ ಭಯ ಇದ್ದರೆ, ಎಷ್ಟು ದೊಡ್ಡ ರಿಯಾಯಿತಿ ಘೋಷಿಸಿದರೂ ಅವರು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಇದಕ್ಕೆ ಹೋಲಿಸಿದರೆ ಸೆಕ್ಷನ್ 42 ನನಗೆ ಜಾಸ್ತಿ ಇಷ್ಟ. ಸರ್ಕಾರ ಮತ್ತು ಕಂಪನಿ ನಡುವೆ ಒಪ್ಪಂದ ಆಗುತ್ತದೆ, ಆ ಒಪ್ಪಂದವನ್ನು ಸಂಸತ್ತಿನ ಎರಡೂ ಸದನಗಳ ಮುಂದಿಡಬೇಕು, ಅದರಲ್ಲಿ ಬರೆದಂತೆ ಕಡಿತ. ಏನೂ ಸಿಗದೆ ವಾಪಸ್ ಕೊಟ್ಟ ಜಾಗದಲ್ಲಿ ಮಾಡಿದ ಹುಡುಕಾಟದ ಖರ್ಚನ್ನು ಕಳೆಯಬಹುದು. ಬಾವಿ ಕೊರೆದ ಖರ್ಚನ್ನು ವಾಣಿಜ್ಯ ಉತ್ಪಾದನೆ ಶುರುವಾದ ಮೇಲೆ ಕಳೆಯಬಹುದು, ಖರ್ಚು ಮೊದಲೇ ಆಗಿದ್ದರೂ ಸರಿ. ಒಪ್ಪಂದದೊಳಗೇ ಇರುವುದರಿಂದ ಪ್ರತಿ ಬಜೆಟ್‌ಗೂ ಹೆದರಬೇಕಾಗಿಲ್ಲ. ಕೊರತೆ ಒಂದೇ, ಉತ್ಪಾದನೆ ಶುರುವಾಗುವವರೆಗೆ ಕಾಯಬೇಕು. ಬೇರೆ ಆದಾಯ ಇಲ್ಲದ ಹೊಸ ಸಣ್ಣ ಕಂಪನಿಗೆ ಇದರಿಂದ ಇವತ್ತಿಗೆ ಒಂದು ಪೈಸೆಯೂ ಸಿಗುವುದಿಲ್ಲ.

ನಾರ್ವೆಯವರು ಈ ಕೊರತೆಯನ್ನು ನೇರವಾಗಿ ಸರಿಪಡಿಸಿದರು. ಅಲ್ಲಿ ತೈಲ ಅನಿಲದ ಮೇಲೆ ಒಟ್ಟು ತೆರಿಗೆ ಶೇ. 78. ಆದರೆ 2005ರಲ್ಲಿ, ಲಾಭವಿಲ್ಲದ ಕಂಪನಿ ಹುಡುಕಾಟಕ್ಕೆ ಖರ್ಚು ಮಾಡಿದರೆ ಆ ಖರ್ಚಿನ ತೆರಿಗೆ ಪಾಲನ್ನು ನಗದಾಗಿ ವಾಪಸ್ ಕೊಡುವ ವ್ಯವಸ್ಥೆ ಬಂತು. ತೆರಿಗೆ ಜಾಸ್ತಿ, ಆದರೆ ನಷ್ಟದಲ್ಲೂ ಸರ್ಕಾರ ಪಾಲುದಾರ. ಉತ್ತರ ತುದಿಯ ಬ್ಯಾರೆಂಟ್ಸ್ ಸಮುದ್ರದಲ್ಲಿ ಸ್ನೋವಿಟ್ ಅನ್ನುವ ಅನಿಲ ನಿಕ್ಷೇಪ 1984ರಲ್ಲೇ ಸಿಕ್ಕಿತ್ತು, ಯಾರೂ ಕೈ ಹಾಕಿರಲಿಲ್ಲ. ಅನಿಲವನ್ನು ದ್ರವ ಮಾಡುವ ಘಟಕದ ಸವಕಳಿಯನ್ನು ಆರು ವರ್ಷದ ಬದಲು ಮೂರೇ ವರ್ಷದಲ್ಲಿ ಕಳೆಯಲು ಬಿಟ್ಟರು. ಸಮುದ್ರದ ತಳದಿಂದ 143 ಕಿಲೋಮೀಟರ್ ಪೈಪಿನಲ್ಲಿ ದಡಕ್ಕೆ ತಂದು 2007ರಲ್ಲಿ ಉತ್ಪಾದನೆ ಶುರುವಾಯಿತು. ಗಮನಿಸಿ, ಇಲ್ಲಿ ಒಟ್ಟು ತೆರಿಗೆ ಕಡಿಮೆ ಮಾಡಲಿಲ್ಲ, ಕಡಿತವನ್ನು ಬೇಗ ಕೊಟ್ಟರು ಅಷ್ಟೇ.

ಅಮೆರಿಕ ಇನ್ನೊಂದು ದಾರಿ ಹಿಡಿಯಿತು. 1980ರ ಕಾನೂನಿನಲ್ಲಿ ಒಂದು ರಿಯಾಯಿತಿ ತಂದರು, ಮುಂದೆ ಅದು ಸೆಕ್ಷನ್ 29 ಆಯಿತು. ಕಲ್ಲಿದ್ದಲು ಪದರದ ಅನಿಲ, ಕಲ್ಲಿನ ಪದರದೊಳಗಿನ ಶೇಲ್ ಅನಿಲ ಇಂಥ ಕಷ್ಟದ ಅನಿಲವನ್ನು ತೆಗೆದು ಹೊರಗಿನವರಿಗೆ ಮಾರಿದರೆ, ಮಾರಿದ ಪ್ರಮಾಣಕ್ಕೆ ತಕ್ಕಂತೆ ತೆರಿಗೆ ಕ್ರೆಡಿಟ್, ಅಂದರೆ ಕಟ್ಟಬೇಕಾದ ತೆರಿಗೆಯಲ್ಲೇ ಅಷ್ಟು ಕಡಿಮೆ. 1992ರ ಕೊನೆಯೊಳಗೆ ಕೊರೆದ ಬಾವಿಗಳಿಗೆ 2002ರವರೆಗೆ ಇದು ಸಿಕ್ಕಿತು. ನ್ಯೂ ಮೆಕ್ಸಿಕೊ-ಕೊಲರಾಡೊದ ಸ್ಯಾನ್ ವಾನ್ ಕಣಿವೆಯಲ್ಲಿ, ಅಲಬಾಮಾದ ಬ್ಲ್ಯಾಕ್ ವಾರಿಯರ್ ಕಣಿವೆಯಲ್ಲಿ ಕಲ್ಲಿದ್ದಲು ಅನಿಲದ ಉದ್ಯಮ ಬೆಳೆದದ್ದೇ ಈ ಕಾಲದಲ್ಲಿ. ಖರ್ಚಿಗಲ್ಲ, ಮಾರಿದ ಅನಿಲಕ್ಕೆ ಪ್ರತಿಫಲ ಅನ್ನುವುದು ಇದರ ಗುಣ. ಸುಮ್ನೆ ಬಾವಿ ಕೊರೆದು ಬಿಲ್ ತೋರಿಸಿದರೆ ಏನೂ ಸಿಗುತ್ತಿರಲಿಲ್ಲ. ಅದೇ ಅಮೆರಿಕ ಅಲಾಸ್ಕಾದ ಅನಿಲ ಪೈಪ್‌ಲೈನಿಗೆ 2004ರಲ್ಲಿ ಏಳು ವರ್ಷದ ಸವಕಳಿ ಕೊಟ್ಟಿತು, ಅನಿಲ ಸಂಸ್ಕರಣಾ ಘಟಕಕ್ಕೆ ಶೇ. 15 ಕ್ರೆಡಿಟ್ ಕೊಟ್ಟಿತು, 18 ಶತಕೋಟಿ ಡಾಲರ್‌ವರೆಗಿನ ಸಾಲಕ್ಕೆ ಜಾಮೀನು ನಿಲ್ಲಲೂ ಒಪ್ಪಿತು. ಆದರೂ ಆಗ ಅಂದುಕೊಂಡ ಪೈಪ್‌ಲೈನ್ ಬರಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಅಲಾಸ್ಕಾದ ಹೊರಗಿನ ರಾಜ್ಯಗಳಲ್ಲಿ ಶೇಲ್ ಅನಿಲ ಹೇರಳವಾಗಿ ಬಂದು ಬೆಲೆ ಬಿತ್ತು. ಬೆಲೆ ಇಲ್ಲದಿದ್ದರೆ ತೆರಿಗೆ ರಿಯಾಯಿತಿ ಒಂದೇ ಅನಿಲವನ್ನು ಹೊರಗೆ ತರುವುದಿಲ್ಲ. ರಷ್ಯಾದ ಯಮಾಲ್‌ನಲ್ಲಿ ಮಾತ್ರ ಎಲ್ಲವನ್ನೂ ಬಿಟ್ಟುಕೊಟ್ಟರು: ದ್ರವ ಮಾಡಿ ಕಳಿಸುವ ಅನಿಲಕ್ಕೆ 12 ವರ್ಷ ಅಥವಾ 250 ಶತಕೋಟಿ ಘನ ಮೀಟರ್ ಆಗುವವರೆಗೆ ಹೊರತೆಗೆಯುವ ತೆರಿಗೆ ಸೊನ್ನೆ, ರಫ್ತು ಸುಂಕ ಸೊನ್ನೆ. 2017ರ ಡಿಸೆಂಬರ್‌ನಲ್ಲಿ ಮೊದಲ ಹಡಗು ಹೊರಟಿತು. ಅಷ್ಟು ಬಿಟ್ಟರೆ ಜನರ ಪಾಲಿಗೆ ಏನು ಉಳಿಯಿತು ಅಂತ ಕೇಳಬೇಕಾಗುತ್ತದೆ.

ನಮ್ಮಲ್ಲಿ 2016ರಿಂದ ತೈಲ, ಅನಿಲ ಹುಡುಕಾಟದ ಪರವಾನಗಿಗೆ ಹೆಲ್ಪ್ ಅನ್ನುವ ನೀತಿ ಇದೆ. ಆಳ ಸಮುದ್ರಕ್ಕೆ ಮೊದಲ ಏಳು ವರ್ಷ ರಾಯಲ್ಟಿ (ಹೊರತೆಗೆದದ್ದರ ಮೇಲೆ ಸರ್ಕಾರಕ್ಕೆ ಕೊಡುವ ಪಾಲು) ಇಲ್ಲ, ನಂತರ ಶೇ. 5. ಇನ್ನೂ ಆಳವಾದರೆ ಏಳು ವರ್ಷದ ನಂತರ ಶೇ. 2. ನೆಲದ ಮೇಲಿನ ಅನಿಲಕ್ಕೆ ಶೇ. 10. ರಾಯಲ್ಟಿಯಲ್ಲಿ ಬಿಟ್ಟದ್ದು ಆದಾಯ ತೆರಿಗೆಯಲ್ಲಿ ಬಿಟ್ಟದ್ದಕ್ಕಿಂತ ಗಟ್ಟಿ, ಯಾಕೆಂದರೆ ರಾಯಲ್ಟಿ ಲಾಭ ನೋಡುವುದಿಲ್ಲ, ಅನಿಲ ಹೊರಬಂದ ದಿನದಿಂದಲೇ ಕಟ್ಟಬೇಕು. ಅದನ್ನು ಬಿಟ್ಟರೆ ಆ ದಿನದಿಂದಲೇ ದುಡ್ಡು ಉಳಿಯುತ್ತದೆ.

ಇನ್ನು ಪೈಪ್. ನನ್ನ ಪ್ರಕಾರ ಅಸಲಿ ರಿಯಾಯಿತಿ ಇರಬೇಕಾದದ್ದು ಇಲ್ಲಿ. ಸೆಕ್ಷನ್ 35-ಎಡಿ ಅಡಿ ದೂರದ ಅನಿಲ ಪೈಪ್‌ಲೈನ್ ಹಾಕಿದವರು ಬಂಡವಾಳ ವೆಚ್ಚದ ಶೇ. 100ನ್ನು ಕಳೆಯಬಹುದು, ಜಾಗದ ಬೆಲೆ ಬಿಟ್ಟು. ಷರತ್ತು ಏನೆಂದರೆ ಪೈಪಿನ ಸಾಮರ್ಥ್ಯದಲ್ಲಿ ಒಂದು ಪಾಲನ್ನು ಬೇರೆಯವರ ಬಳಕೆಗೂ ಬಿಡಬೇಕು. ಒಳ್ಳೆಯ ಷರತ್ತು, ಹೀಗಾದರೆ ಪಕ್ಕದ ಸಣ್ಣ ನಿಕ್ಷೇಪದವರಿಗೂ ದಾರಿ ಸಿಗುತ್ತದೆ. ಶೇ. 22ರ ಕಡಿಮೆ ದರ ಆರಿಸಿಕೊಂಡ ಕಂಪನಿಗೆ ಇದು ಸಿಗದು. ಈಶಾನ್ಯದಲ್ಲಿ ಸರ್ಕಾರ ತೆರಿಗೆಯ ಸುತ್ತು ದಾರಿ ಬಿಟ್ಟು ನೇರವಾಗಿ ದುಡ್ಡೇ ಕೊಟ್ಟಿತು: 2020ರ ಜನವರಿಯಲ್ಲಿ ₹9,265 ಕೋಟಿಯ ಅನಿಲ ಜಾಲಕ್ಕೆ ಶೇ. 60, ಅಂದರೆ ₹5,559 ಕೋಟಿ. ತ್ರಿಪುರಾದಲ್ಲಿ ಅದಕ್ಕೂ ಮೊದಲೇ ಬೇರೆ ಉಪಾಯ ಮಾಡಿದ್ದರು. ಅನಿಲ ಸಾಗಿಸಲು ಪೈಪ್ ಇಲ್ಲ ಅಂತ ಪಾಲಟಾನಾದಲ್ಲೇ 726 ಮೆಗಾವ್ಯಾಟ್ ವಿದ್ಯುತ್ ಸ್ಥಾವರ ಕಟ್ಟಿ ಕರೆಂಟನ್ನು ತಂತಿಯಲ್ಲಿ ಹೊರಗೆ ಕಳಿಸಿದರು.

ಪೈಪ್ ಅಂದ ಮೇಲೆ ನಮ್ಮೂರಿನ ಮಾತು ಬರಲೇಬೇಕು. ಮಂಗಳೂರು-ಹಾಸನ-ಬೆಂಗಳೂರು ಪೈಪ್‌ಲೈನ್ ಪೆಟ್ರೋಲ್, ಡೀಸೆಲ್‌ನದು, ಅನಿಲದ್ದಲ್ಲ. ಆದರೆ ನೆಲದ ಕಾನೂನು ಒಂದೇ, 1962ರದ್ದು. ಜಾಗ ನಿಮ್ಮದಾಗಿಯೇ ಉಳಿಯುತ್ತದೆ, ಕೊಡುವುದು ಬಳಕೆಯ ಹಕ್ಕು ಮಾತ್ರ. ಅದಕ್ಕೆ ಪರಿಹಾರ ಮಾರುಕಟ್ಟೆ ಬೆಲೆಯ ಶೇ. 10, ಬೆಳೆ ಮರಗಳ ನಷ್ಟ ಬೇರೆ. ಪೈಪ್ ಹಾದುಹೋಗುವ ಆ ನೆಲದ ಪಟ್ಟಿಯ ಮೇಲೆ ಮುಂದೆ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಭತ್ತದ ಗದ್ದೆಗೆ ಇದು ನಡೆಯುತ್ತದೆ, ಮುಂದಿನ ಹಂಗಾಮಿಗೆ ನಾಟಿ ಮಾಡಬಹುದು. ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ನೆರಳಿನ ಮರ ಇಲ್ಲದೆ ತೋಟ ಹೇಗೆ? ಆ ಪಟ್ಟಿ ಶಾಶ್ವತವಾಗಿ ಹೋದಂತೆಯೇ. ಪೈಪ್ ಹಾಕುವವರಿಗೆ ಶೇ. 100 ಕಡಿತ ಕೊಡುವ ದೇಶ ತೋಟದವರಿಗೆ ಶೇ. 10 ಕೊಡುವುದು ಸರಿಯಲ್ಲ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಯೋಜನೆಯ ಒಟ್ಟು ಖರ್ಚಿನ ಮುಂದೆ ಇದನ್ನು ಹೆಚ್ಚಿಸಿದರೂ ದೊಡ್ಡ ಮೊತ್ತ ಆಗುವುದಿಲ್ಲ. ನೋಟಿಸ್ ಬಂದರೆ ಅಧಿಸೂಚನೆಯ ದಿನದಿಂದ 21 ದಿನದೊಳಗೆ ಆಕ್ಷೇಪಣೆ ಹಾಕಬೇಕು. ಪರಿಹಾರ ಒಪ್ಪಿಗೆ ಆಗದಿದ್ದರೆ ಜಿಲ್ಲಾ ನ್ಯಾಯಾಧೀಶರ ಬಳಿ ಹೋಗಬಹುದು. ಮರ, ಗಿಡಗಳ ಲೆಕ್ಕವನ್ನು ಫೋಟೋ ಸಮೇತ ಮೊದಲೇ ಇಟ್ಟುಕೊಳ್ಳಿ.

ಕೊನೆಯದಾಗಿ ಜಿಎಸ್‌ಟಿ, ಇದರ ಬಗ್ಗೆ ಚರ್ಚೆ ಸಾಲದು. ನೈಸರ್ಗಿಕ ಅನಿಲ ಇನ್ನೂ ಜಿಎಸ್‌ಟಿ ಹೊರಗಿದೆ. ಆದರೆ ರಿಗ್ (ಬಾವಿ ಕೊರೆಯುವ ಯಂತ್ರ) ಬಾಡಿಗೆ, ಕೊರೆಯುವ ಸೇವೆ ಇವುಗಳ ಮೇಲೆ ಜಿಎಸ್‌ಟಿ ಕಟ್ಟಬೇಕು, 2025ರ ಸೆಪ್ಟೆಂಬರ್‌ನಲ್ಲಿ ಅದು ಶೇ. 12ರಿಂದ ಶೇ. 18ಕ್ಕೆ ಏರಿತು. ಮಾರುವ ಅನಿಲದ ಮೇಲೆ ಜಿಎಸ್‌ಟಿ ಇಲ್ಲದ್ದರಿಂದ ಕಟ್ಟಿದ್ದಕ್ಕೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ, ಅಂದರೆ ಮಾರಾಟದ ತೆರಿಗೆಯಲ್ಲಿ ಅದನ್ನು ಹೊಂದಿಸಿಕೊಳ್ಳಲಾಗದು, ಅದು ಪೂರ್ತಿ ಖರ್ಚೇ. ಅನಿಲ ಸಿಗುತ್ತದೋ ಇಲ್ಲವೋ ಗೊತ್ತಾಗುವ ಮೊದಲೇ, ಮೊದಲ ಬಾವಿಯ ಮೊದಲ ಬಿಲ್ಲಿನಲ್ಲೇ ಇದು ಬೀಳುತ್ತದೆ. ಅನಿಲವನ್ನು ಜಿಎಸ್‌ಟಿ ಒಳಗೆ ತರಲು ಸಂವಿಧಾನ ತಿದ್ದಬೇಕಾಗಿಲ್ಲ, ಜಿಎಸ್‌ಟಿ ಮಂಡಳಿ ದಿನಾಂಕ ಶಿಫಾರಸು ಮಾಡಿದರೆ ಸಾಕು. ರಾಜ್ಯಗಳು ತಮ್ಮ ವ್ಯಾಟ್ ಆದಾಯ ಬಿಡಲು ಒಪ್ಪಬೇಕು, ಮಾತುಕತೆ ನಿಂತಿರುವುದು ಅಲ್ಲೇ.