ಹತ್ತು ಪರ್ಸೆಂಟ್ ಬಡ್ಡಿ ಅಂದರೆ ಹತ್ತೇನಾ? 18 ತುಂಬುವ ಮೊದಲು ಕಲಿತ ಒಂದು ಲೆಕ್ಕ

ಮುಂದಿನ ತಿಂಗಳು ನನಗೆ 18 ತುಂಬುತ್ತದೆ. 18 ಆಗದವರು ಸಾಲದ ಕಾಗದಕ್ಕೆ ಸಹಿ ಹಾಕಿದರೂ ಆ ಕರಾರು ಕಾನೂನಿನಲ್ಲಿ ನಿಲ್ಲುವುದಿಲ್ಲ. ಆಮೇಲೆ ಹಾಕುವ ಸಹಿಗೆ ಮಾತ್ರ ನಾವೇ ಹೊಣೆ. ಅದಕ್ಕೇ ಈ ಲೆಕ್ಕವನ್ನು ಈಗಲೇ ಬರೆದಿಡುತ್ತಿದ್ದೇನೆ. ಸರಳ ಬಡ್ಡಿ, ಚಕ್ರಬಡ್ಡಿ ಹೈಸ್ಕೂಲಿನಲ್ಲೇ ಆಗಿದೆ, ಅದನ್ನು ಬಿಡುತ್ತೇನೆ.

ಹೋದ ವಾರ ಅಣ್ಣನ ಜೊತೆ ಬೈಕ್ ಶೋರೂಮಿಗೆ ಹೋಗಿದ್ದೆ. ಅಲ್ಲಿದ್ದ ಫೈನಾನ್ಸ್‌ನವರು ಚೀಟಿಯಲ್ಲಿ ಬರೆದುಕೊಟ್ಟರು: ಸಾಲ 1,00,000, ಬಡ್ಡಿ 10%, 2 ವರ್ಷ, ತಿಂಗಳಿಗೆ 5,000. ಬ್ಯಾಂಕಿನಲ್ಲಿ ಅಪ್ಪ ವಿಚಾರಿಸಿದಾಗ 12% ಅಂದಿದ್ದರು. ಹನ್ನೆರಡಕ್ಕಿಂತ ಹತ್ತು ಕಮ್ಮಿ ಅಲ್ವಾ? ನಾನೂ ಹಾಗೇ ಅಂದುಕೊಂಡೆ. ಮನೆಗೆ ಬಂದು ಮೊಬೈಲ್‌ನ ಇಎಂಐ ಕ್ಯಾಲ್ಕುಲೇಟರ್‌ನಲ್ಲಿ 10% ಹಾಕಿದರೆ ಕಂತು 4,614 ಬಂತು, 5,000 ಅಲ್ಲ. ಮತ್ತೆ ಹಾಕಿದೆ, ಅದೇ ಬಂತು. ಬ್ಯಾಂಕಿನ 12% ಹಾಕಿದರೂ 4,707 ಮಾತ್ರ! ಹತ್ತು ಪರ್ಸೆಂಟಿನ ಸಾಲಕ್ಕೆ ಹನ್ನೆರಡು ಪರ್ಸೆಂಟಿನ ಸಾಲಕ್ಕಿಂತ ಜಾಸ್ತಿ ಕಂತು ಹೇಗೆ? ಎರಡು ದಿನ ತಲೆ ತಿಂದ ಪ್ರಶ್ನೆ ಇದು.

ವ್ಯತ್ಯಾಸ ಇರುವುದು ಬಡ್ಡಿಯನ್ನು ಯಾವ ಮೊತ್ತದ ಮೇಲೆ ಹಾಕುತ್ತಾರೆ ಅನ್ನುವುದರಲ್ಲಿ. ಚೀಟಿಯಲ್ಲಿದ್ದದ್ದು ಫ್ಲ್ಯಾಟ್ ರೇಟ್. ಒಂದು ಲಕ್ಷಕ್ಕೆ ವರ್ಷಕ್ಕೆ 10,000, ಎರಡು ವರ್ಷಕ್ಕೆ 20,000, ಒಟ್ಟು 1,20,000, ಅದನ್ನು 24ರಿಂದ ಭಾಗಿಸಿದರೆ 5,000. ಬ್ಯಾಂಕಿನದು ರೆಡ್ಯೂಸಿಂಗ್ ರೇಟ್. ಅಲ್ಲಿ ಪ್ರತಿ ತಿಂಗಳು ಉಳಿದ ಬಾಕಿಗೆ ಮಾತ್ರ ಬಡ್ಡಿ.

ಇಷ್ಟು ಓದಿದರೂ ನನಗೆ ಒಳಗೆ ಇಳಿಯಲಿಲ್ಲ. ಕೊನೆಗೆ ಕುರ್ಚಿ ಲೆಕ್ಕ ಮಾಡಿದ ಮೇಲೆ ಅರ್ಥವಾಯಿತು. ಶಾಮಿಯಾನದವರಿಂದ 24 ಕುರ್ಚಿ ಬಾಡಿಗೆಗೆ ತಂದಿದ್ದೀರಿ ಅಂದುಕೊಳ್ಳಿ. ತಿಂಗಳಿಗೊಂದು ಕುರ್ಚಿ ವಾಪಸ್ ಕೊಡುತ್ತಾ ಬರುತ್ತೀರಿ. ಕೊನೆಯ ತಿಂಗಳು ಮನೆಯಲ್ಲಿ ಒಂದೇ ಕುರ್ಚಿ ಇದೆ, ಆದರೆ ಅವರು 24 ಕುರ್ಚಿಯ ಬಾಡಿಗೆಯನ್ನೇ ಕೇಳುತ್ತಾರೆ. ಫ್ಲ್ಯಾಟ್ ರೇಟ್ ಅಂದರೆ ಇದೇ. ನಮ್ಮ 5,000ದಲ್ಲಿ ಅಸಲು ಸುಮಾರು 4,167, ಬಡ್ಡಿ 833. ಮೊದಲ ತಿಂಗಳು ಆ 833 ಪೂರ್ತಿ ಒಂದು ಲಕ್ಷಕ್ಕೆ, ಸರಿ. ಇಪ್ಪತ್ನಾಲ್ಕನೇ ತಿಂಗಳು ಉಳಿದಿರುವ ಅಸಲು ಬರೀ 4,167, ಅದಕ್ಕೂ 833! ಆ ಒಂದು ತಿಂಗಳಿಗೇ ನೂರಕ್ಕೆ 20 ರೂಪಾಯಿ ಬಿತ್ತು.

ಈಗ ಸರಾಸರಿ ನೋಡಿ. ಶುರುವಿನಲ್ಲಿ ಬಾಕಿ ಒಂದು ಲಕ್ಷ, ಕೊನೆಯಲ್ಲಿ 4,167, ಮಧ್ಯದ ಲೆಕ್ಕ ಸುಮಾರು 52,000. ಅಂದರೆ ಎರಡು ವರ್ಷವೂ ನಮ್ಮ ಕೈಯಲ್ಲಿದ್ದದ್ದು ಅರ್ಧ ಲಕ್ಷದ ಆಸುಪಾಸು, ವರ್ಷಕ್ಕೆ ಕೊಟ್ಟ ಬಡ್ಡಿ 10,000. ಹಾಗೆ ನೋಡಿದರೆ 19% ಆಗುತ್ತದೆ. ಬ್ಯಾಂಕಿನ ರೆಡ್ಯೂಸಿಂಗ್ ರೇಟಿಗೆ ತಿರುಗಿಸಿದರೆ ನಿಖರ ಲೆಕ್ಕ 18.16%. ಈ ಒಂದು ಪರ್ಸೆಂಟ್ ಯಾಕೆ ಕಮ್ಮಿ ಅಂದರೆ, ನಿಜವಾದ ಲೆಕ್ಕದಲ್ಲಿ ಮೊದಮೊದಲ ಕಂತುಗಳಲ್ಲಿ ಬಡ್ಡಿ ಜಾಸ್ತಿ ಹೋಗಿ ಅಸಲು ನಿಧಾನಕ್ಕೆ ಇಳಿಯುತ್ತದೆ, ಹಾಗಾಗಿ ಸರಾಸರಿ ಬಾಕಿ 52,000ಕ್ಕಿಂತ ಸ್ವಲ್ಪ ಜಾಸ್ತಿ ಇರುತ್ತದೆ.

ನನಗೆ ತುಂಬಾ ಇಷ್ಟವಾದ ಅಡ್ಡದಾರಿ: ಒಂದರಿಂದ ಮೂರು ವರ್ಷದ ಸಾಲಕ್ಕೆ ಫ್ಲ್ಯಾಟ್ ರೇಟನ್ನು 1.8ರಿಂದ ಗುಣಿಸಿ. 10 ಅಂದರೆ 18. ಎರಡು ವರ್ಷಕ್ಕೆ 8 ಅಂದರೆ 14.4 ಬರುತ್ತದೆ, ನಿಜವಾದದ್ದು 14.7. ಮೂರು ವರ್ಷಕ್ಕೆ 12 ಅಂದರೆ 21.6, ನಿಜವಾದದ್ದು 21.2. ಶೋರೂಮಿನಲ್ಲಿ ಕೂತು ತೀರ್ಮಾನ ಮಾಡಲು ಇಷ್ಟು ಸಾಕು. ಪೂರ್ತಿ ಸರಿಯಾದ ಉತ್ತರ ಬೇಕಿದ್ದರೆ ಎಕ್ಸೆಲ್‌ನಲ್ಲಿ ರೇಟ್ ಅನ್ನುವ ಫಾರ್ಮುಲಾ ಇದೆ. 24, ಮೈನಸ್ 5000, 100000 ಕೊಟ್ಟರೆ ತಿಂಗಳ ದರ ಬರುತ್ತದೆ, ಅದನ್ನು 12ರಿಂದ ಗುಣಿಸಿ. ಮೈನಸ್ ಮರೆತರೆ ಉತ್ತರವೇ ಬರಲ್ಲ.

ಊರಲ್ಲಿ "ನೂರಕ್ಕೆ ಎರಡು ರೂಪಾಯಿ ಬಡ್ಡಿ" ಅನ್ನುತ್ತಾರಲ್ಲ, ಅದು ತಿಂಗಳಿಗೆ. ವರ್ಷಕ್ಕೆ 24%. ಅಲ್ಲಿ ಅಸಲನ್ನು ಕೊನೆಗೆ ಒಟ್ಟಿಗೇ ಕೊಡುವುದಾದರೆ 1.8 ಹಾಕಬೇಡಿ, ಕುರ್ಚಿಗಳೆಲ್ಲಾ ಕೊನೆವರೆಗೂ ನಮ್ಮ ಮನೆಯಲ್ಲೇ ಇರುತ್ತವೆ.

ಪ್ರೊಸೆಸಿಂಗ್ ಫೀ ಮರೆಯಬೇಡಿ. ಆ ಚೀಟಿಯ ಸಾಲದಲ್ಲೇ 2,000 ಮುರಿದುಕೊಂಡು 98,000 ಕೊಟ್ಟರೆ ನಿಜವಾದ ದರ 20% ದಾಟುತ್ತದೆ. ಇದನ್ನೆಲ್ಲಾ ನಾವೇ ಲೆಕ್ಕ ಹಾಕಬೇಕಾಗಿಲ್ಲ. 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಬ್ಯಾಂಕ್, ಫೈನಾನ್ಸ್ ಕಂಪನಿಗಳು ಇಂಥ ಸಾಲಕ್ಕೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' (ಸಾಲದ ಮುಖ್ಯ ವಿವರಗಳ ಹಾಳೆ) ಕೊಡಬೇಕು, ಅದೂ ಸಾಲ ಪಡೆಯುವವರಿಗೆ ಅರ್ಥವಾಗುವ ಭಾಷೆಯಲ್ಲಿ. ಅದರಲ್ಲಿ 'ಎಪಿಆರ್' ಅನ್ನುವ ಸಾಲು ಹುಡುಕಿ. ಫೀ ಎಲ್ಲಾ ಸೇರಿದ ವರ್ಷದ ದರ ಅದು. ಎರಡು ಕಡೆಯ ಸಾಲ ಹೋಲಿಸುವಾಗ ಅದನ್ನೇ ನೋಡಿ. ಅಣ್ಣ ಮರುದಿನ ಹೋಗಿ ಕೇಳಿದಾಗ ಅವರು ಬೇರೆ ಹಾಳೆ ತೆಗೆದು ತೋರಿಸಿದರು. ಚೀಟಿಯ 10 ಅಲ್ಲಿ ಇರಲಿಲ್ಲ.

ಜಾಮೀನು ಬಗ್ಗೆ ಎರಡೇ ಮಾತು. ಗೆಳೆಯನ ಸಾಲಕ್ಕೆ "ಸುಮ್ನೆ ಒಂದು ಸಹಿ" ಅಂತ ಕೇಳುತ್ತಾರೆ. 1872ರ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ, ಕಾಗದದಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಜಾಮೀನುದಾರನ ಹೊಣೆಯೂ ಸಾಲಗಾರನಷ್ಟೇ. ಅವನು ಕಂತು ನಿಲ್ಲಿಸಿದರೆ ಬಾಕಿಯನ್ನು ನಮ್ಮಿಂದಲೇ ಕೇಳಬಹುದು, "ಮೊದಲು ಅವನನ್ನು ಕೇಳಿ" ಅಂತ ಹೇಳಿ ತಪ್ಪಿಸಿಕೊಳ್ಳಲು ಆಗುವುದಿಲ್ಲ.